ಬೈರಣ್ಣನ ತಾರಸಿಯ ಕರಕರ

ಶಿವಶರಣಪ್ಪನಿಗೆ ರೇಡಿಯೊ ವಿದ್ಯೆ ಬರುತ್ತಿರಲಿಲ್ಲ. ಟಿ.ವಿ., ಮಿಕ್ಸಿ, ಫ್ಯಾನು, ಯಾವುದರ ವಿದ್ಯೆಯೂ ಬರುತ್ತಿರಲಿಲ್ಲ. ಸೇಡಂನಲ್ಲಿ ಅವನ ಹೆಂಡತಿಯ ಅಣ್ಣನಿಗೆ ಟಿ.ವಿ. ರಿಪೇರಿ ಅಂಗಡಿ ಇತ್ತು. ಅಲ್ಲಿ ಎರಡು ವರ್ಷ ಅವನು ಬ್ಯಾಟರಿ ಹಿಡಿದು ನಿಂತಿದ್ದ. ಬೆಳಕು ಎಲ್ಲಿಗೆ ಬಿಡಬೇಕು ಅನ್ನುವುದು ಗೊತ್ತಾಗಿತ್ತು. ಆ ಬೆಳಕಿನಲ್ಲಿ ಏನು ನೋಡಬೇಕು ಅನ್ನುವುದು ಕೊನೆಗೂ ಗೊತ್ತಾಗಲಿಲ್ಲ.

ಅಂಥವನು ಗರುಡಾಕ್ಷ ಸೆಕ್ಯೂರಿಟಿ ಕಂಪನಿಯಲ್ಲಿ ಕಮ್ಯುನಿಕೇಷನ್ ಇಂಜಿನಿಯರ್ ಆದ. ಅದಕ್ಕೆ ಮೊದಲು ಆರು ವರ್ಷ ಹೆಬ್ಬಾಳದ ಒಂದು ಲೇಔಟಿನ ಗೇಟಿನಲ್ಲಿ ನಿಂತು ಸೆಲ್ಯೂಟ್ ಹೊಡೆದಿದ್ದ. ಒಂದು ದಿನ ಕಂಪನಿಯ ರೇಡಿಯೊ ಮೆಕ್ಯಾನಿಕ್ ಕೆಲಸ ಬಿಟ್ಟು ಹೋದ. ಹೋಗುವಾಗ ಮೀಟರನ್ನೂ ಸ್ಕ್ರೂಡ್ರೈವರುಗಳನ್ನೂ ಒಯ್ದ. ಆರ್.ಟಿ. ನಗರದ ಆಫೀಸಿನಲ್ಲಿ ಮ್ಯಾನೇಜರ್ ಮನೋಹರ್ ಗಾರ್ಡುಗಳನ್ನು ಸಾಲಾಗಿ ನಿಲ್ಲಿಸಿ, ವೈರಿನ ಕೆಲಸ ಯಾರಿಗೆ ಬರುತ್ತದೆ ಎಂದು ಕೇಳಿದರು. ಯಾರೂ ಮಿಸುಕಲಿಲ್ಲ. ಈ ಕೆಲಸಕ್ಕೆ ಇರಲು ಒಂದು ಕೋಣೆ ಕೊಡುತ್ತೇವೆ ಎಂದರು. ಶಿವಶರಣಪ್ಪನ ಕೈ ಅವನನ್ನು ಕೇಳದೆಯೇ ಮೇಲೆದ್ದಿತು. ಸಂಬಳ ಏರಲಿಲ್ಲ. ಕೊರಳಿಗೆ ಹೊಸ ಕಾರ್ಡು ಬಂತು. ಅದರಲ್ಲಿ ಹೆಸರಿನ ಕೆಳಗೆ ಇಂಜಿನಿಯರ್ ಎಂದು ಅಚ್ಚಾಗಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಅವನು ಅದನ್ನು ತೆಗೆಯುತ್ತಿದ್ದ.

ಕೋಣೆ ಇದ್ದದ್ದು ಹಳೇ ಯಲಹಂಕದಲ್ಲಿ, ಬೈರಣ್ಣನ ನಾಲ್ಕಂತಸ್ತಿನ ಕಟ್ಟಡದ ತಾರಸಿಯ ಮೇಲೆ. ತಾರಸಿಯನ್ನು ಕಂಪನಿ ಬಾಡಿಗೆಗೆ ಹಿಡಿದಿತ್ತು. ಕೋಣೆಯ ಮೂಲೆಯಲ್ಲಿ ರಿಪೀಟರ್ ಎಂಬ ಕಪ್ಪು ಪೆಟ್ಟಿಗೆ, ಹೊರಗೆ ಅದರ ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಏರಿಯಲ್. ಗಾರ್ಡುಗಳ ಕೈಯಲ್ಲಿರುವ ವಾಕಿಟಾಕಿಗೆ ದೂರದ ದನಿ ಮುಟ್ಟುವುದಿಲ್ಲ. ಹೆಬ್ಬಾಳದ ಗಾರ್ಡು ಆಡಿದ ಮಾತನ್ನು ಈ ಪೆಟ್ಟಿಗೆ ಕೇಳಿಸಿಕೊಂಡು, ಕೇಳಿದ ಕ್ಷಣವೇ ಅದನ್ನು ಜೋರಾಗಿ ಬಾಗಲೂರಿನವರೆಗೆ ಸಾರುತ್ತಿತ್ತು. ಇದೇ ಕೆಲಸವನ್ನು ಸಂಬಳವಿಲ್ಲದೆ ಮಾಡುವವರು ಆ ಬೀದಿಯಲ್ಲಿ ಹತ್ತು ಮಂದಿ ಇದ್ದರು. ಆದರೆ ಅವರಿಗೆ ಕಂಬ ಇರಲಿಲ್ಲ.

ಕೋಣೆಗಿಂತ ಮುಖ್ಯವಾದದ್ದು ತಾರಸಿ. ಶಿವಶರಣಪ್ಪನ ಹೆಂಡತಿ ಕಾಶವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿದ ರೊಟ್ಟಿಯನ್ನು ಬಿಸಿಲಿಗೆ ಹರವಿ, ಮುರಿದರೆ ಸದ್ದಾಗುವಷ್ಟು ಒಣಗಿಸಿ ಮಾರುತ್ತಿದ್ದಳು. ಪೀಣ್ಯದ ಕಾರ್ಖಾನೆಗಳಲ್ಲಿ, ಯಲಹಂಕದ ಕಾಲೇಜುಗಳಲ್ಲಿ ದುಡಿಯುವ ಕಲಬುರ್ಗಿ, ರಾಯಚೂರು ಕಡೆಯ ಇಪ್ಪತ್ತಾರು ಮಂದಿ ಖಾಯಂ ಗಿರಾಕಿಗಳಿದ್ದರು. ಮೊದಲು ಗಂಡ ಹೆಂಡತಿ ಟಿ. ದಾಸರಹಳ್ಳಿಯಲ್ಲಿ ನೆಲಮಹಡಿಯ ಒಂದು ಖೋಲಿಯಲ್ಲಿದ್ದರು. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ. ರೊಟ್ಟಿಗೆ ಬೂಸಲು ಬರುತ್ತಿತ್ತು. ಹಾಗಾಗಿ ಗಂಡ ಇಂಜಿನಿಯರ್ ಆದದ್ದನ್ನು ಕಾಶವ್ವ ಪ್ರಶ್ನಿಸಲಿಲ್ಲ. ಮೇಲೆ ಬಿಸಿಲು ಇತ್ತು, ಅಷ್ಟು ಸಾಕು.

ಒಂದು ವರ್ಷ ಪೆಟ್ಟಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಶಿವಶರಣಪ್ಪ ಅದರ ಧೂಳು ಒರೆಸಿದ. ಕಂಪನಿಗೆ ಬೇಕಾದಷ್ಟು ಇಂಜಿನಿಯರಿಂಗ್ ಇದರಲ್ಲೇ ಮುಗಿಯುತ್ತಿತ್ತು.

ಆಮೇಲೆ ಆಯುಧಪೂಜೆ ಬಂತು. ಉಳಿದ ಗಾರ್ಡುಗಳು ಲಾಠಿಗೂ ಟಾರ್ಚಿಗೂ ಕುಂಕುಮ ಹಚ್ಚಿ ಕೈತೊಳೆದುಕೊಂಡರು. ಶಿವಶರಣಪ್ಪ ವಿಚಾರ ಮಾಡಿದ. ಡ್ರೈವರಿನ ಆಯುಧ ಕಾರು, ಟೇಲರಿನ ಆಯುಧ ಮಷಿನ್ನು, ಹಾಗಾದರೆ ಇಂಜಿನಿಯರಿನ ಆಯುಧ ಕಂಬವೇ. ಹತ್ತು ಮಾರು ಚೆಂಡುಹೂವು ತಂದ. ಎರಡು ಬಾಳೆಕಂದು, ಒಂದು ಹೊರೆ ಮಾವಿನ ಸೊಪ್ಪು ತಂದ. ನಾಲ್ಕನೇ ಮಹಡಿಯ ಗಾಳಿಗೆ ದಾರ ನಿಲ್ಲಲಿಲ್ಲ. ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ಅಲ್ಲಿ ಕಬ್ಬಿಣದ ಸರಳು ಬಿಗಿಯುವ ಬೈಂಡಿಂಗ್ ವೈರಿನ ಒಂದು ಸುರುಳಿ ಕೇಳಿ ತಂದ. ಕೆಳಗಿನಿಂದ ಏರಿಯಲಿನ ಕೊರಳಿನವರೆಗೆ ಸುತ್ತಿ ಸುತ್ತಿ ಬಿಗಿದ. ಬೈರಣ್ಣ ಬಂದು ಬೂದುಗುಂಬಳ ಒಡೆದ. ಶಿವಶರಣಪ್ಪ ಕಳಿಸಿದ ಕಂಬದ ಫೋಟೊವನ್ನು ಮನೋಹರ್ ಕಂಪನಿಯ ವಾಟ್ಸಾಪ್ ಗುಂಪಿಗೆ ಹಾಕಿ, ಡೆಡಿಕೇಷನ್ ಅಂದರೆ ಇದು ಎಂದು ಬರೆದರು. ತೊಂಬತ್ತು ಹೆಬ್ಬೆರಳುಗಳು ಬಂದವು. ಶಿವಶರಣಪ್ಪ ಅದನ್ನು ಪ್ರಿಂಟ್ ಹಾಕಿಸಿ, ಬಸವಣ್ಣನ ಪಟದ ಪಕ್ಕದಲ್ಲಿ ಮೊಳೆ ಹೊಡೆದ.

ಹದಿನೈದು ದಿನದಲ್ಲಿ ಹೂವು ಒಣಗಿ ಉದುರಿತು. ವೈರು ಉಳಿಯಿತು.

"ಆ ತಂತಿ ಗಾಳಿಗಿ ಕಂಬಕ್ಕ ಬಡಕೋತದ ನೋಡ್ರಿ. ಉದುರಿದ್ದೆಲ್ಲ ರೊಟ್ಟಿ ಮ್ಯಾಲ ಬೀಳತದ. ತಗದು ಒಗೀರಿ," ಎಂದಳು ಕಾಶವ್ವ.

ಪೂಜೆಗೆ ಕಟ್ಟಿದ್ದನ್ನು ಕೈಯಾರೆ ಕೀಳಬಾರದು, ತಾನಾಗಿ ಬೀಳಬೇಕು ಎಂದ ಶಿವಶರಣಪ್ಪ. ಫೋಟೊದಲ್ಲಿ ಇರುವುದು ಕಂಬದಲ್ಲೂ ಇರಬೇಕು ಎನ್ನುವುದು ಒಳಗಿನ ಕಾರಣ.

ಅದೇ ವಾರ ಕರಕರ ಶುರುವಾಯಿತು.

ಯಾರಾದರೂ ಮಾತಾಡಿದರೆ ಮಾತಿನ ಮೇಲೆ ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಹಾಗೆ ಸದ್ದು. ಒಮ್ಮೆ ಜೋರು, ಒಮ್ಮೆ ಮೆಲ್ಲಗೆ, ಒಮ್ಮೆ ಇಲ್ಲವೇ ಇಲ್ಲ. ಹದಿನೇಳು ಗೇಟುಗಳಿಂದ ಫೋನು ಬಂತು. ಹುಣಸಮಾರನಹಳ್ಳಿಯ ಲೇಔಟಿನ ಗೇಟಿನಲ್ಲಿದ್ದ ಚಿಕ್ಕಮಾರಯ್ಯ ಎಂಬ ಮುದುಕ ಗಾರ್ಡು ಮಾತ್ರ ಒಂದು ವಿಷಯ ಹೇಳಿದ. "ಸಾಮಿ, ಯಾರಾರ ಮಾತಾಡುದ್ರೆ ಬತ್ತದೆ. ಎಲ್ಲಾ ಸುಮ್ಕಿದ್ರೆ ಬರಕಿಲ್ಲ. ಎಲ್ಲಾ ಸುಮ್ಕಿದ್ಬುಡದು ವಾಸಿ."

ಇಂಜಿನಿಯರಿಗೆ ಹೀಗೆ ಚೇಷ್ಟೆ ಮಾಡಬಾರದು ಎಂದು ಶಿವಶರಣಪ್ಪ ಅವನನ್ನು ಗದರಿಸಿದ. ಆ ಮೂರು ವಾರಗಳಲ್ಲಿ ಯಾರಾದರೂ ಆಡಿದ ಒಂದೇ ಒಂದು ಉಪಯೋಗದ ಮಾತು ಅದಾಗಿತ್ತು.

ಹಾನಿಯೂ ಅದೇ ಗೇಟಿನಲ್ಲಿ ಆಯಿತು. ಲೇಔಟಿನ ಸಂಘದ ಅಧ್ಯಕ್ಷರ ಬೀಗತಿ ಡಬ್ಬಿಯಲ್ಲಿ ಹೋಳಿಗೆ ತುಂಬಿಕೊಂಡು ಮಗಳನ್ನು ನೋಡಲು ಬಂದಿದ್ದರು. ಒಳಗಿನಿಂದ ಅನುಮತಿ ಬಂದರೇ ಗೇಟು ತೆರೆಯಬೇಕು ಎನ್ನುವುದು ಅಧ್ಯಕ್ಷರೇ ಮಾಡಿದ ನಿಯಮ. ಚಿಕ್ಕಮಾರಯ್ಯ ರೇಡಿಯೊದಲ್ಲಿ ಕೇಳಿದ. ಒಳಗಿನವರು ಏನೋ ಹೇಳಿದರು. ಕೇಳಿಸಿದ್ದು ಕರಕರ. ಕರಕರ ಅಂದರೆ ಅನುಮತಿ ಎಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ನಲವತ್ತು ನಿಮಿಷ ಬಿಸಿಲಿನಲ್ಲಿ ನಿಂತ ಬೀಗತಿ ಹೋಳಿಗೆಯ ಸಮೇತ ವಾಪಸ್ ಹೋದರು. ಸೊಸೆ ಮಾವನ ಜೊತೆ ಮಾತು ಬಿಟ್ಟಳು. ಅಧ್ಯಕ್ಷರು ಮನೋಹರ್ ಅವರಿಗೆ ಫೋನ್ ಮಾಡಿ, ಮನೆಯಲ್ಲಿ ಆಡಲಾಗದ ಮಾತನ್ನೆಲ್ಲ ಅಲ್ಲಿ ಆಡಿದರು.

ಸೋಮವಾರ ಮನೋಹರ್ ಶಿವಶರಣಪ್ಪನನ್ನು ಕರೆಸಿಕೊಂಡರು. ಶುಕ್ರವಾರದವರೆಗೆ ಸಮಯ. ಅಷ್ಟರೊಳಗೆ ಸದ್ದು ಹೋಗದಿದ್ದರೆ ರಿಪೀಟರನ್ನು ಬಾಗಲೂರಿನ ಒಂದು ಎತ್ತರದ ಕಟ್ಟಡಕ್ಕೆ ಸಾಗಿಸುತ್ತಾರೆ. ಅಲ್ಲಿ ಆ ಕಟ್ಟಡದವರದೇ ಮೆಕ್ಯಾನಿಕ್ ಇದ್ದಾನೆ. ಯಲಹಂಕದ ತಾರಸಿ ಬಿಟ್ಟುಬಿಡುತ್ತಾರೆ. ಶಿವಶರಣಪ್ಪನಿಗೆ ಹಳೆಯ ಗೇಟು, ಹಳೆಯ ಸೀಟಿ ಕಾದಿರುತ್ತವೆ.

ಅವನು ಮನೆಗೆ ಬಂದು ಫೋನಿನಲ್ಲಿ ಹುಡುಕಿದ. ಹಿಂದಿಯ ಒಂದು ವಿಡಿಯೊ ಸಿಕ್ಕಿತು. ಅದರಲ್ಲಿ ಒಬ್ಬ ದಪ್ಪ ಮನುಷ್ಯ, ಸುತ್ತಮುತ್ತಲಿನ ಮನೆಗಳ ಕರೆಂಟಿನ ಸಾಮಾನುಗಳಿಂದ ಇಂಥ ಸದ್ದು ಬರಬಹುದು, ಒಂದೊಂದನ್ನೇ ಆರಿಸಿ ನೋಡಿ ಎಂದ. ಅಷ್ಟು ಹೊತ್ತಿಗೆ ಅವತ್ತಿನ ಡೇಟಾ ಮುಗಿಯಿತು. ವಿಡಿಯೊ ಇನ್ನೂ ಹನ್ನೆರಡು ನಿಮಿಷ ಇತ್ತು. ಆ ಹನ್ನೆರಡು ನಿಮಿಷ ಅವನು ನೋಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವನು ಕಾರ್ಡು ಹಾಕಿಕೊಂಡು, ಒಂದು ನೋಟ್‌ಬುಕ್ಕು ಹಿಡಿದು ಬೀದಿಗಿಳಿದ. ಪ್ರತಿ ಮನೆಯ ಬಾಗಿಲು ತಟ್ಟಿ, ತಾನು ಇಂಜಿನಿಯರ್, ಹತ್ತು ನಿಮಿಷ ಎಲ್ಲ ಆರಿಸಬೇಕು ಎಂದ. ಜನ ಅವನನ್ನು ವಿದ್ಯುತ್ ಕಚೇರಿಯವನೆಂದು ತಿಳಿದರು. ಒಬ್ಬ ಹೆಂಗಸು ಆರು ತಿಂಗಳ ಬಿಲ್ಲು ತಂದು ಮುಂದಿಟ್ಟು, ಮನೆಯಲ್ಲಿ ಇರುವುದು ಮೂರೇ ಬಲ್ಬು ಎಂದು ಆಣೆ ಮಾಡಿದಳು. ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿದ. ನಿಲ್ಲಿಸಿದ ಹತ್ತು ನಿಮಿಷ ರಾಗಿ ಬೀಸಿಸಲು ಬಂದ ಏಳು ಜನ ಶಿವಶರಣಪ್ಪನನ್ನೇ ನೋಡುತ್ತ ನಿಂತರು. ಹಲ್ಲಿನ ಡಾಕ್ಟರು ಒಬ್ಬರ ಬಾಯಿಗೆ ಮಷಿನ್ನು ಇಟ್ಟಿದ್ದವರು ಕೈ ತೆಗೆದು ಕೂತರು. ಬಾಯಿ ತೆರೆದಿದ್ದ ಮನುಷ್ಯನಿಗೆ ಏನೂ ಹೇಳಲು ಆಗಲಿಲ್ಲ.

ಪ್ರತಿ ಸಲ ಶಿವಶರಣಪ್ಪ ತಾರಸಿಯವರೆಗೆ ಎಂಬತ್ತು ಮೆಟ್ಟಿಲು ಹತ್ತಿ, ವಾಕಿಟಾಕಿ ಸೆಟ್ಟು ಒತ್ತಿ, ಒಂದು ಎರಡು ಮೂರು ಎನ್ನುತ್ತಿದ್ದ. ಪ್ರತಿ ಸಲ ಪಕ್ಕದಲ್ಲಿಟ್ಟ ಇನ್ನೊಂದು ಸೆಟ್ಟಿನಲ್ಲಿ ಕರಕರ ಬರುತ್ತಿತ್ತು. ಅವನು ಎಂಬತ್ತು ಮೆಟ್ಟಿಲು ಇಳಿದು, ನೋಟ್‌ಬುಕ್ಕಿನಲ್ಲಿ ಗಿರಣಿ ಅಲ್ಲ, ಹಲ್ಲು ಅಲ್ಲ ಎಂದು ಬರೆಯುತ್ತಿದ್ದ.

ಬುಧವಾರ ಬೆಳಿಗ್ಗೆ ಒಂದು ಪವಾಡ ಆಯಿತು. ಹಿಂದಿನ ಮನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದರು. ತೊಟ್ಟಿಗೆ ಗುಳ್ಳೆ ಬಿಡುವ ಮೋಟಾರು ಆರಿಸಿದ ಮೇಲೆ ಶಿವಶರಣಪ್ಪ ಹತ್ತಿ ಹೋಗಿ ಸೆಟ್ಟು ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ಸದ್ದಿಲ್ಲ. ಆ ಹೊತ್ತಿನಲ್ಲಿ ಎಲೆ ಅಲುಗದಂತೆ ಗಾಳಿಯೂ ನಿಂತಿತ್ತು; ನೋಟ್‌ಬುಕ್ಕಿನಲ್ಲಿ ಗಾಳಿಗೆ ಜಾಗ ಇರಲಿಲ್ಲ. ಅವನು ಮೀನು ಎಂದು ಬರೆದು ಅಡಿಗೆರೆ ಎಳೆದ. ಸಂಜೆಯವರೆಗೆ ಮೋಟಾರು ಹಾಕಬೇಡಿ, ಕಂಪನಿ ನಿಮ್ಮ ಉಪಕಾರ ಮರೆಯುವುದಿಲ್ಲ ಎಂದು ಮೇಷ್ಟ್ರಿಗೆ ಕೈಮುಗಿದ. ಮೂರು ಗಂಟೆಗೆ ಗಾಳಿ ಎದ್ದಿತು, ಕರಕರ ಬಂತು. ಸಂಜೆ ಹೊತ್ತಿಗೆ ಮೂರು ಮೀನು ಮೇಲಕ್ಕೆ ತೇಲಿದವು. ಮೇಷ್ಟ್ರು ಅವನ್ನು ಒಂದು ತಟ್ಟೆಯಲ್ಲಿಟ್ಟುಕೊಂಡು ಎಂಬತ್ತು ಮೆಟ್ಟಿಲು ಹತ್ತಿ ಬಂದು, ಇಂಜಿನಿಯರರ ಮುಂದೆ ಇಟ್ಟು, ಇಳಿದು ಹೋದರು.

ಇಷ್ಟರಲ್ಲಿ ಬೈರಣ್ಣನ ತಾಯಿ ಮುನಿಕೆಂಪಮ್ಮನವರಿಗೆ ಕಾರಣ ಹೊಳೆದಿತ್ತು. "ತೊಂಬತ್ತು ಜನ ಆ ಪೋಟೋ ನೋಡವ್ರಂತಲ್ಲಪ್ಪ. ದಿಷ್ಟಿ ಆಗದೆ ಇರ್ತದಾ? ಇಂಗೆ ಬಿಟ್ರೆ ಕಂಬನೇ ಬಿದ್ದೋಯ್ತದೆ," ಎಂದರು. ಅವರ ಮನೆಯಲ್ಲಿ ಎತ್ತು ಇದ್ದ ಕಾಲದ ಒಂದು ಲಾಳ ಇತ್ತು. ಅದನ್ನೂ ಏಳು ನಿಂಬೆಹಣ್ಣು, ಹದಿನಾಲ್ಕು ಮೆಣಸಿನಕಾಯನ್ನೂ ಕಂಬಕ್ಕೆ ಕಟ್ಟಿಸಿದರು. ದಾರ ನಿಲ್ಲುವುದಿಲ್ಲ ಎಂದು ಶಿವಶರಣಪ್ಪ ಉಳಿದಿದ್ದ ಬೈಂಡಿಂಗ್ ವೈರನ್ನೇ ತಂದ. ಕರಕರ ಈಗ ಮಾತನ್ನು ಪೂರ್ತಿ ನುಂಗಿತು. ದೃಷ್ಟಿ ಹೊರಗೆ ಬರುತ್ತಿದೆ, ಅದಕ್ಕೇ ಜೋರು ಎಂದರು ಮುನಿಕೆಂಪಮ್ಮ.

ಗುರುವಾರ ಬೆಳಿಗ್ಗೆ ಶಿವಶರಣಪ್ಪ, ಬೀದಿಯ ಟ್ರಾನ್ಸ್‌ಫಾರ್ಮರಿನಿಂದ ಸದ್ದು ಬರುತ್ತಿದೆ ಎಂದು ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟ. ಅರ್ಜಿ ಕೊಟ್ಟ ದಿನವೇ ಲೈನ್‌ಮನ್ ಬಂದದ್ದು ಆ ಬೀದಿಯ ಚರಿತ್ರೆಯಲ್ಲಿ ಅದೇ ಮೊದಲು. ಲೈನ್‌ಮನ್ ಬೀದಿಯ ಕರೆಂಟು ಕಂಬ ಹತ್ತಿ ನೋಡಿ, ಟ್ರಾನ್ಸ್‌ಫಾರ್ಮರ್ ಚೆನ್ನಾಗಿದೆ ಎಂದ. ಅಲ್ಲಿಂದಲೇ ಕೆಳಗೆ ನೋಡಿ, ಬೈರಣ್ಣನ ಬೋರ್‌ವೆಲ್ ಮೋಟಾರಿನ ವೈರು ಮೀಟರಿಗೆ ಹೋಗದೆ ನೇರವಾಗಿ ಲೈನಿಗೆ ಬಂದಿದೆಯಲ್ಲ, ಇದು ಯಾರದು ಎಂದು ಕೇಳಿದ. ದಂಡದ ಚೀಟಿ ಬರೆದ. ಮೋಟಾರು ನಿಂತಿತು. ನಾಲ್ಕು ಮಹಡಿಯ ಬಾಡಿಗೆದಾರರು ಬಕೆಟ್ ಹಿಡಿದು ಮೆಟ್ಟಿಲಿನಲ್ಲಿ ನಿಂತರು.

ಬೈರಣ್ಣ ಮೇಲೆ ಬಂದ. ಬಹಳ ಹೊತ್ತು ಕಂಬ ನೋಡಿದ. "ಏನ್ ಗುರು, ನಿನ್ ಪೆಟ್ಗೆ ಸದ್ದು ನಿಲ್ಸು ಅಂದ್ರೆ ನನ್ ಮೋಟ್ರು ನಿಲ್ಲಿಸ್ಬುಟ್ಯಲ್ಲ. ಕಂಪ್ನಿ ಬಾಡ್ಗೆ ಬರೋಗಂಟ ಇರು. ಅದು ನಿಂತ ದಿನ ನೀನೂ ಜಾಗ ಖಾಲಿ ಮಾಡು," ಎಂದ. ಅವನು ಇನ್ನೂ ಹೆಚ್ಚು ಬೈಯುವವನಿದ್ದ. ಕಾಶವ್ವನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವ ಅಭ್ಯಾಸವಾಗಿದ್ದ ಮುನಿಕೆಂಪಮ್ಮ ಕೆಳಗಿನಿಂದ ಕೂಗಿ ಕರೆದರು.

ಶುಕ್ರವಾರಕ್ಕೆ ಒಂದೇ ದಿನ ಇತ್ತು. ಶಿವಶರಣಪ್ಪ ಮೂಲೆಯಲ್ಲಿ ಕೂತು ರಿಪೋರ್ಟ್ ಬರೆದ. ಸದ್ದು ತನ್ನ ತಪ್ಪಲ್ಲ, ಜಾಗದ ತಪ್ಪು ಎಂದು ಗೊತ್ತಾದರೆ ಮನೋಹರ್ ಇನ್ನೂ ಒಂದು ತಿಂಗಳು ಕೊಟ್ಟಾರು ಎಂಬುದು ಅವನ ಲೆಕ್ಕ. ಗಿರಣಿ, ಹಲ್ಲು, ಟ್ರಾನ್ಸ್‌ಫಾರ್ಮರ್, ತಲೆಯ ಮೇಲಿನ ವಿಮಾನ, ಎಲ್ಲಕ್ಕೂ ಒಂದೊಂದು ಸಂಖ್ಯೆ ಕೊಟ್ಟ. ಮೂರನೇ ಪುಟದಲ್ಲಿ, ಇಂಥ ಸ್ಥಳದಲ್ಲಿ ಎಷ್ಟೇ ದೊಡ್ಡ ಇಂಜಿನಿಯರ್ ಬಂದರೂ ಈ ಸದ್ದು ನಿವಾರಣೆಯಾಗುವುದು ಅಸಾಧ್ಯ ಎಂದು ಬರೆದು, ಆ ವಾಕ್ಯವನ್ನು ಹೆಂಡತಿಗೆ ಓದಿ ಹೇಳಿದ.

ಕಾಶವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಜಾಗಾ ಸರಿ ಇಲ್ಲಂತ ನೀವೇ ಬರದ್ರ, ಅವ್ರು ಜಾಗಾ ಬಿಡಸಂಗಿಲ್ಲೇನ್ರಿ?"

"ಆಫೀಸಿನ ಭಾಷಾ ನಿನಗ ತಿಳಿಯಂಗಿಲ್ಲ ಬಿಡು," ಎಂದ ಅವನು.

ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದಾಗ ನಾಲ್ಕು ಪುಟ ಆಯಿತು. ಕೆಳಗೆ ಸಹಿ, ಸಹಿಯ ಕೆಳಗೆ ಕಮ್ಯುನಿಕೇಷನ್ ಇಂಜಿನಿಯರ್. ಸಂಜೆ ಆರಕ್ಕೆ ಫೋಟೊ ತೆಗೆದು ಮನೋಹರ್ ಅವರಿಗೆ ಕಳಿಸಿದ. ಎರಡು ಗೆರೆ ನೀಲಿಯಾದವು.

ಶುಕ್ರವಾರ ಹತ್ತು ಗಂಟೆಗೆ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ಹೆಸರು ರುಮಾನಾ. ರಿಪೀಟರ್ ಮಾರಿದ ಅಂಗಡಿಯಲ್ಲಿ ಟೆಕ್ನಿಷಿಯನ್. ಮನೋಹರ್ ಹೋದ ವಾರವೇ ಅಂಗಡಿಗೆ ದೂರು ಕೊಟ್ಟಿದ್ದರಂತೆ. ಅವಳ ಸರದಿ ಇವತ್ತು ಬಂದಿತ್ತು. ಎಂಬತ್ತು ಮೆಟ್ಟಿಲು ಹತ್ತಿ ಬಂದು, ನೀರು ಕುಡಿದು, ಪೆಟ್ಟಿಗೆ ನೋಡಿದಳು. ಶಿವಶರಣಪ್ಪ ನೋಟ್‌ಬುಕ್ಕು ತೆರೆದು ಮೊದಲ ಪುಟದಿಂದ ಓದಲು ಶುರುಮಾಡಿದ.

ಗಿರಣಿ ಮುಗಿಯುವವರೆಗೆ ಅವಳು ಕೇಳಿದಳು. ಆಮೇಲೆ, "ಅಂಕಲ್, ಯಾರೂ ಮಾತಾಡ್ದೇ ಇದ್ದಾಗ ಸದ್ದು ಬರುತ್ತಾ?" ಎಂದಳು.

ಶಿವಶರಣಪ್ಪನಿಗೆ ಗೊತ್ತಿರಲಿಲ್ಲ. ಮಾತಾಡದೆ ಅವನು ಒಂದು ಸಲವೂ ಪರೀಕ್ಷೆ ಮಾಡಿರಲಿಲ್ಲ. ಅವಳು ಸೆಟ್ಟು ತೆಗೆದುಕೊಂಡು ಗೇಟುಗಳನ್ನೇ ಕೇಳಿದಳು. ಕರಕರದ ನಡುವಿನಿಂದ ಚಿಕ್ಕಮಾರಯ್ಯ, ಇದನ್ನು ತಾನು ಮೊದಲೇ ಹೇಳಿ ಬೈಸಿಕೊಂಡಿರುವುದಾಗಿ ವರದಿ ಮಾಡಿದ.

ಅವಳು ಪೆಟ್ಟಿಗೆಯಿಂದ ಏರಿಯಲಿನ ಕೇಬಲ್ ಬಿಚ್ಚಿ, ಅದರ ಜಾಗಕ್ಕೆ, ಏರಿಯಲ್ ಇದೆ ಎಂದು ಪೆಟ್ಟಿಗೆಯನ್ನು ನಂಬಿಸುವ, ಬೊಗಸೆಯಲ್ಲಿ ಹಿಡಿಯುವಂಥ ಒಂದು ಡಬ್ಬಿ ಸಿಕ್ಕಿಸಿದಳು. ಮಾತಾಡಿದಳು. ಸದ್ದಿಲ್ಲ. ಪೆಟ್ಟಿಗೆ ಸರಿಯಾಗಿದೆ, ಬೀದಿಯದೇನೂ ತಪ್ಪಿಲ್ಲ, ಗಲಾಟೆ ಇರುವುದು ಮೇಲೆ ಎಂದಳು. ಕೇಬಲ್ ಮತ್ತೆ ಹಾಕಿ ಹೊರಗೆ ಬಂದು, ತಲೆಯೆತ್ತಿ ಕಂಬವನ್ನು ನೋಡಿದಳು. ಒಣಗಿದ ಬಾಳೆಕಂದಿನ ನಾರು, ನಿಂಬೆಹಣ್ಣು, ಮೆಣಸಿನಕಾಯಿ, ಲಾಳ, ಮೇಲಿನಿಂದ ಕೆಳಗೆ ತುಕ್ಕು ಹಿಡಿದು ಜೋಲುತ್ತಿರುವ ವೈರು. ಕಾಶವ್ವನ ಕೈಯಿಂದ ಪೊರಕೆ ಇಸಿದುಕೊಂಡು ಅದರ ಮರದ ಹಿಡಿಯಿಂದ ವೈರನ್ನು ಮೆಲ್ಲಗೆ ಅಲುಗಿಸಿದಳು. ಶಿವಶರಣಪ್ಪನಿಗೆ ಸೆಟ್ಟು ಒತ್ತಿ ಮಾತಾಡಲು ಹೇಳಿದಳು. ಕಾಶವ್ವ ಹಿಡಿದಿದ್ದ ಇನ್ನೊಂದು ಸೆಟ್ಟಿನಲ್ಲಿ, ಪೊರಕೆ ಅಲುಗಿದ ಹಾಗೆಲ್ಲ ಕರಕರ ಬಂತು. ಪೊರಕೆ ನಿಂತರೆ ನಿಂತಿತು.

ಏರಿಯಲ್ ಮಾತು ಬಿಡುವಾಗ ಪಕ್ಕದಲ್ಲಿ ಸಡಿಲವಾದ ಕಬ್ಬಿಣ ಕಬ್ಬಿಣಕ್ಕೆ ಉಜ್ಜಬಾರದು, ಉಜ್ಜಿದರೆ ಆ ಸದ್ದನ್ನು ಏರಿಯಲ್ಲೇ ಮತ್ತೆ ಕೇಳಿಸಿಕೊಳ್ಳುತ್ತದೆ ಎಂದು ವಿವರಿಸಿದಳು. "ಇದನ್ನ ಯಾರ್ ಕಟ್ಟಿದ್ದು ಅಂಕಲ್?"

"ಹಬ್ಬಕ್ಕ ಕಟ್ಟಿದ್ದು," ಎಂದ ಶಿವಶರಣಪ್ಪ, ಹಬ್ಬವೇ ಬಂದು ಕಟ್ಟಿ ಹೋದ ಹಾಗೆ.

ಕಟಿಂಗ್ ಪ್ಲೇಯರಿನಿಂದ ಎಲ್ಲವನ್ನೂ ಕತ್ತರಿಸಲು ಅವಳಿಗೆ ಹನ್ನೊಂದು ನಿಮಿಷ ಬೇಕಾಯಿತು. ಲಾಳವನ್ನು ಮುನಿಕೆಂಪಮ್ಮ ಬಂದು ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ದೃಷ್ಟಿ ಪೂರ್ತಿ ಇಳಿದಿದೆ, ಇನ್ನು ಅದರ ಅಗತ್ಯ ಇಲ್ಲ ಎಂದರು. ಸೆಟ್ಟು ಒತ್ತಿದಾಗ ಚಿಕ್ಕಮಾರಯ್ಯ ಕೆಮ್ಮಿದ. ಹುಣಸಮಾರನಹಳ್ಳಿಯಲ್ಲಿ ಕೆಮ್ಮಿದ್ದು ಯಲಹಂಕಕ್ಕೆ ಕಫದ ಸಮೇತ ಕೇಳಿತು. ಹದಿನೇಳು ಗೇಟುಗಳೂ ಒಂದೊಂದಾಗಿ, ಸ್ಪಷ್ಟ ಇದೆ ಎಂದವು. ಶಿವಶರಣಪ್ಪ ಗೋಡೆಗೆ ಒರಗಿ ಕೂತ. ಹನ್ನೊಂದೂವರೆ ಗಂಟೆ. ಶುಕ್ರವಾರ ಸಂಜೆಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಸೆಟ್ಟಿನಲ್ಲಿ ಮನೋಹರ್ ಅವರ ದನಿ ಬಂತು. ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು.

"ಶಿವಶರಣಪ್ಪ, ರಿಪೋರ್ಟ್ ಓದ್ದೆ. ಎಂ.ಡಿ. ಸಾರಿಗೂ ತೋರಿಸ್ದೆ, ತುಂಬಾ ಇಂಪ್ರೆಸ್ ಆದ್ರು. ನೀವ್ ಹೇಳಿರೋದು ಸರಿ, ಆ ಜಾಗ ನಮಗೆ ಬೇಡ. ಬೆಳಿಗ್ಗೆನೇ ಬಾಗಲೂರಿಂದು ಅಗ್ರಿಮೆಂಟ್ ಸೈನ್ ಆಯ್ತು. ಸೋಮವಾರ ಶಿಫ್ಟಿಂಗ್. ಕೇಳಿಸ್ತಾ? ಓವರ್."

ಹದಿನೇಳು ಗೇಟುಗಳಿಗೂ ಕೇಳಿಸಿತ್ತು. ಕೆಳಗಿನ ಮೆಟ್ಟಿಲಿನಲ್ಲಿ ಬಕೆಟ್ ಹಿಡಿದು ಹೋಗುತ್ತಿದ್ದವರಿಗೂ ಕೇಳಿಸಿತ್ತು. ಮೂರು ವಾರದಲ್ಲಿ ಮೊದಲ ಬಾರಿಗೆ ಶಿವಶರಣಪ್ಪನಿಗೆ ಕರಕರ ಬೇಕಾಗಿತ್ತು.

"ಸರ್, ಸದ್ದು ಹೋಗ್ಯಾದ್ರಿ," ಎಂದ.

"ಇವತ್ತು ಹೋಗಿರುತ್ತೆ. ನಾಳೆ? ಎಷ್ಟೇ ದೊಡ್ಡ ಇಂಜಿನಿಯರ್ ಬಂದ್ರೂ ಅಸಾಧ್ಯ ಅಂತ ಮೂರನೇ ಪೇಜಲ್ಲಿ ನೀವೇ ಬರ್ದಿದ್ದೀರಲ್ರೀ."

ಸೆಟ್ಟಿನಲ್ಲಿ ಚಿಕ್ಕಮಾರಯ್ಯನ ದನಿ ಬಂತು. "ಈಗ ಚೆನ್ನಾಗ್ ಕೇಳ್ತದೆ ಸಾಮಿ," ಎಂದ. ರುಮಾನಾ ತನ್ನ ಹಾಳೆಗೆ ಸಹಿ ಹಾಕಿಸಿಕೊಂಡು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಹೋದಳು.

ಕಾಶವ್ವ ಕತ್ತರಿಸಿ ಬಿದ್ದ ವೈರಿನ ತುಂಡುಗಳನ್ನು ರೊಟ್ಟಿಯ ಮೇಲಿನಿಂದ ಒಂದೊಂದಾಗಿ ಆರಿಸಿದಳು. ರೊಟ್ಟಿಗಳನ್ನು ಮಗ್ಗುಲು ಬದಲಾಯಿಸಿದಳು.

"ಸೋಮವಾರದ ತನಕ ಬಿಸಲದ," ಎಂದಳು. "ಇನ್ನೊಂದು ಕಾಲು ಚೀಲ ಹಿಟ್ಟು ತರ್ರಿ, ಆದಷ್ಟು ಒಣಗಸ್ತೀನಿ."

ಸೋಮವಾರ ಟೆಂಪೊ ಬಂತು. ಪೆಟ್ಟಿಗೆ, ಕಂಬ, ಏರಿಯಲ್ ಬಾಗಲೂರಿಗೆ ಹೋದವು. ಟ್ರಂಕು, ಹಂಚು, ಹಿಟ್ಟು ನಾದುವ ಕೊಣಮಿಗೆ ಟಿ. ದಾಸರಹಳ್ಳಿಯ ನೆಲಮಹಡಿಗೆ ಹೋದವು. ಹೋದದ್ದರ ಲೆಕ್ಕ ಹೀಗಿದೆ: ಕೋಣೆ ಒಂದು, ತಾರಸಿ ಒಂದು, ಕೊರಳಿನ ಕಾರ್ಡು ಒಂದು, ರೊಟ್ಟಿಯ ಗಿರಾಕಿಗಳು ಇಪ್ಪತ್ತಾರು, ಮೇಷ್ಟ್ರ ಮೀನು ಮೂರು.